ಬಾಕ್ಯಾರು ಗುತ್ತಿನ ಮೊದಲ ತುತ್ತು

ಪೂವಮ್ಮ ಅಕ್ಕಿ ಮುಟ್ಟುವಂತಿಲ್ಲ. ಹಾಗೆಂದು ಶಾಲೆಯ ಯಾವ ಗೋಡೆಯ ಮೇಲೂ ಬರೆದಿಲ್ಲ. ಯಾರೂ ಬಾಯಿಬಿಟ್ಟು ಹೇಳಿದ್ದೂ ಇಲ್ಲ. ಆದರೆ ನೇರಳಪಲ್ಕೆಯ ಆ ಸರಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನ ಮಗುವಿಗೂ ಅದು ಗೊತ್ತು.

ಅವಳನ್ನು ನೇಮಿಸಿಕೊಂಡದ್ದು ಬಿಸಿಯೂಟದ ಅಡುಗೆ ಸಹಾಯಕಿ ಎಂದು. ಸೇರಿದ ಹೊಸತರಲ್ಲಿ ಅಕ್ಕಿ ತೊಳೆದಳು, ಸೌತೆಕಾಯಿ ಹೆಚ್ಚಿದಳು, ಸಾಂಬಾರು ತಿರುವಿದಳು. ಒಂದು ವಾರ ಕಳೆಯುವಷ್ಟರಲ್ಲಿ ಮಕ್ಕಳು ಮನೆಯಿಂದ ಬುತ್ತಿ ತರತೊಡಗಿದರು. ಒಬ್ಬನಿಗೆ ಹೊಟ್ಟೆನೋವು. ಒಬ್ಬಳಿಗೆ ವ್ರತ. ಇನ್ನೊಬ್ಬನಿಗೆ ಡಾಕ್ಟರು ಸಾಂಬಾರು ತಿನ್ನಬೇಡ ಎಂದಿದ್ದಾರಂತೆ. ಅವಳ ಜಾತಿ ಕೊರಗ, ಆ ಮಾತು ಯಾರ ಬಾಯಲ್ಲೂ ಬರಲಿಲ್ಲ. ಬರುವುದೂ ಇಲ್ಲ, ಈ ಕಡೆಯವರು ಅಷ್ಟು ಮರ್ಯಾದಸ್ಥರು. ಮುಖ್ಯೋಪಾಧ್ಯಾಯಿನಿ ತುಂಗಾ ಟೀಚರ್ ಅವಳನ್ನು ಕರೆದು ನಗುತ್ತಲೇ ಹೇಳಿದರು: ಒಲೆಯ ಕೆಲಸ ಗುಲಾಬಿಯಕ್ಕನಿಗಿರಲಿ, ಪಾತ್ರೆ ನಿಮಗಿರಲಿ. ಮರುದಿನವೇ ಬುತ್ತಿಗಳು ಮಾಯವಾದವು. ಪಾತ್ರೆಯ ಹಿಂದೆ ಅಂಗಳ ಬಂತು. ಅಂಗಳದ ಹಿಂದೆ ಕಕ್ಕಸು ಬಂತು.

ಅಡುಗೆ ಬೇಯಿಸುವ ಗುಲಾಬಿಯನ್ನು ಮಕ್ಕಳು ಗುಲಾಬಿಯಕ್ಕ ಎನ್ನುತ್ತಾರೆ. ಪೂವಮ್ಮನನ್ನು ಪೂವಮ್ಮ ಎನ್ನುತ್ತಾರೆ. ಅವಳಿಗೆ ಐವತ್ತರ ಹತ್ತಿರ.

ಅನ್ನದ ಹಂಡೆ ದೊಡ್ಡದು. ಅದನ್ನು ನೀರಿನ ನಳ್ಳಿಯ ಹತ್ತಿರ ಅಡ್ಡ ಕೆಡವಿ, ಸೊಂಟದವರೆಗೆ ಒಳಗೆ ಹೋಗಿ ಉಜ್ಜಬೇಕು. ತಳ ಹಿಡಿದ ಅನ್ನ ಕಲ್ಲಾಗಿರುತ್ತದೆ. ಮೊದಲು ತೆಂಗಿನ ಗೆರಟೆಯಲ್ಲಿ ಕೆರೆಯಬೇಕು, ಆಮೇಲೆ ಬೂದಿ ಹಾಕಿ ನಾರಿನಲ್ಲಿ ತಿಕ್ಕಬೇಕು. ಸೊಂಟ ಹಿಡಿದುಕೊಳ್ಳುತ್ತದೆ. ಉಗುರು ಸವೆದು ಬೆರಳಿನ ತುದಿ ಹಸಿ ಮಾಂಸವಾಗಿದೆ. ಊಟ ಮಾಡುವಾಗ ಉಪ್ಪಿನಕಾಯಿ ಮುಟ್ಟಿದರೆ ಜೀವ ಹೋಗಿ ಬರುತ್ತದೆ. ಇಷ್ಟಾದರೂ ಅವಳು ಬಿಡದೆ ಬಂದದ್ದು ಒಂದೇ ಕಾರಣಕ್ಕೆ. ಅದೇ ಶಾಲೆಯ ಏಳನೇ ಕ್ಲಾಸಿನಲ್ಲಿ ಅವಳ ಮಗಳು ನವ್ಯಾ ಓದುತ್ತಿದ್ದಳು. ಗಂಡ ಇಲ್ಲದ ಪೂವಮ್ಮನಿಗೆ ಉಳಿದದ್ದು ಆ ಒಂದು ಜೀವ. ತಾನು ಬಗ್ಗಿದ್ದು ಸಾಕು, ಇವಳ ತಲೆ ಯಾರ ಮುಂದೆಯೂ ತಗ್ಗಬಾರದು. ಅವಳ ಆಸೆ ಇಷ್ಟೇ. ಇಷ್ಟನ್ನು ಆಸೆ ಎಂದು ಹೇಳಬೇಕಾದ ಊರು ಅದು.

ಆ ವರ್ಷ ಶಾಲೆಗೆ ನೂರು ತುಂಬಿತು. ಶತಮಾನೋತ್ಸವ ಸಮಿತಿಯವರು ಮಕ್ಕಳಿಗೆ ಊರಿನ ಇತಿಹಾಸ ತಿಳಿಯಲಿ, ಅದೂ ಕಥೆಯಾಗಿ ತಿಳಿಯಲಿ ಎಂದು ಮೂಡುಬಿದಿರೆಯಿಂದ ಶಶಿಪ್ರಭಾ ಮೇಡಂ ಅವರನ್ನು ಕರೆಸಿದರು. ನಿವೃತ್ತ ಹೈಸ್ಕೂಲು ಟೀಚರು. ಬಂಟ್ವಾಳ, ಬೆಳ್ತಂಗಡಿಯ ಕಡೆಯ ಶಾಲೆಗಳಿಗೆಲ್ಲ ಹೋಗಿ ಆಯಾ ಊರಿನ ಕಥೆಯನ್ನು ಆಯಾ ಮಕ್ಕಳಿಗೆ ಹೇಳುವುದು ಅವರ ಈಗಿನ ಕೆಲಸ. ಪ್ರತಿ ಶನಿವಾರ ನೇರಳೆ ಮರದ ಕೆಳಗೆ ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದರು.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಅವರು ಕಥೆ ಹೇಳಿದರೆ ಕಾಗೆಯೂ ಕೂಗುವುದನ್ನು ಬಿಡುತ್ತಿತ್ತು. ಘಟ್ಟದಿಂದ ಮೆಣಸು ಹೊತ್ತು ಇಳಿದ ಎತ್ತುಗಳ ಗಂಟೆಯನ್ನು ನಾಲಿಗೆಯಲ್ಲೇ ಬಾರಿಸುತ್ತಿದ್ದರು. ಬಸದಿಯ ಕಂಬಕ್ಕೆಂದು ಇದೇ ದಾರಿಯಲ್ಲಿ ಕಲ್ಲು ಎಳೆದುಕೊಂಡು ಹೋದ ಆನೆ, ಎಳೆದೂ ಎಳೆದೂ ಈ ಮರದ ಕೆಳಗೆ ಮಂಡಿಯೂರಿತ್ತು ಎನ್ನುವಾಗ ಸಣ್ಣ ಮಕ್ಕಳು ಕೂತ ಜಾಗದಿಂದ ಎದ್ದು ನೆಲ ನೋಡುತ್ತಿದ್ದರು. ನಳ್ಳಿಯ ಹತ್ತಿರ ಹಂಡೆಯೊಳಗೆ ಬಗ್ಗಿದ ಪೂವಮ್ಮನೂ ಕೈ ನಿಲ್ಲಿಸಿ ಕೇಳಿದ್ದುಂಟು. ಅವಳಿಗೂ ಆ ಆನೆಯ ಮೇಲೆ ಕನಿಕರ ಬಂದಿತ್ತು.

ನವ್ಯಾಳಿಗಂತೂ ಹುಚ್ಚು ಹಿಡಿಯಿತು. ಸಂಜೆ ಮನೆಗೆ ಬಂದವಳು ಕೈಕಾಲು ತೊಳೆಯುವ ಮೊದಲೇ ಕಥೆ ಶುರು ಮಾಡುತ್ತಿದ್ದಳು. ಶಾಲೆಯ ಹಿಂದಿನ ಕೊರಗರ ಕಾಲನಿಯಲ್ಲಿ ಬುಟ್ಟಿ ಹೆಣೆಯುತ್ತ ಕೂತವರೆಲ್ಲ ಅವಳ ಕೇಳುಗರು. ಮೇಡಂ ಹೇಳಿದ ಹಾಗೆಯೇ ಧ್ವನಿ ಏರಿಸುತ್ತಿದ್ದಳು, ಇಳಿಸುತ್ತಿದ್ದಳು. ಒಂದು ದಿನ ನಡುವೆ ನಿಲ್ಲಿಸಿ ತಾಯಿಯನ್ನು ಕೇಳಿದಳು.

"ಅಮ್ಮ, ಆಗ ನಮ್ಮವರು ಎಲ್ಲಿದ್ರು? ಕಥೆಯಲ್ಲಿ ಎಲ್ಲರೂ ಉಂಟು. ನಾವಿಲ್ಲ."

ಮೇಡಂನ ಹತ್ತಿರವೇ ಕೇಳು ಎಂದುಬಿಟ್ಟಳು ಪೂವಮ್ಮ. ಮುಂದಿನ ಶನಿವಾರ ನವ್ಯಾ ಎಲ್ಲರ ಮುಂದೆ ಕೈ ಎತ್ತಿ ಕೇಳಿಯೂ ಬಿಟ್ಟಳು. ಶಶಿಪ್ರಭಾ ಮೇಡಂಗೆ ಕಣ್ಣು ತುಂಬಿತಂತೆ. ಹತ್ತಿರ ಕರೆದು ಬೆನ್ನು ತಟ್ಟಿದರಂತೆ. ಒಳ್ಳೆಯ ಪ್ರಶ್ನೆ ಮಗಾ, ನಾನು ವಿಚಾರಿಸಿಕೊಂಡು ಬರ್ತೇನೆ, ಶತಮಾನೋತ್ಸವದ ದಿವಸ ನಿಮ್ಮವರ ಕಥೆಯೇ ಮುಖ್ಯ ಕಥೆ ಎಂದರಂತೆ.

ವಿಚಾರಿಸಲಿಕ್ಕೆ ಅವರು ಹೊರಟದ್ದು ನಿಜ. ಪೂವಮ್ಮ ಕಣ್ಣಾರೆ ನೋಡಿದಳು. ಮೇಡಂನ ಬಿಳಿ ಕಾರು ಕಾಲನಿಯ ಮುಂದಿನಿಂದಲೇ ಹೋಯಿತು. ಜಗಲಿಯಲ್ಲಿ ಬುಟ್ಟಿ ಹೆಣೆಯುತ್ತಿದ್ದ ಮುದುಕಿಯರು ತಲೆಯೆತ್ತಿ ನೋಡಿದರು. ಕಾರು ನಿಲ್ಲಲಿಲ್ಲ. ಸೀದಾ ಏರು ಹತ್ತಿ ಬಾಕ್ಯಾರು ಗುತ್ತಿನ ಅಂಗಳದಲ್ಲಿ ನಿಂತಿತು. ಕೊರಗರ ಕಥೆ ಬೇಕಾದರೆ ಯಾರನ್ನು ಕೇಳಬೇಕು? ಗುತ್ತಿನವರನ್ನು ಕೇಳಬೇಕು. ಓದಿದವರಿಗೆ ಅಷ್ಟೂ ಗೊತ್ತಿಲ್ಲದೆ ಇರುತ್ತದೆಯೇ?

ಬಾಕ್ಯಾರು ಗುತ್ತು ಎಂದರೆ ಊರಿನ ದೊಡ್ಡ ಮನೆ. ಈಗಿನ ಯಜಮಾನ ಜಿತೇಶ್ ದುಬಾಯಿಯಲ್ಲಿ ಹೋಟೆಲು ಮಾಡಿ ದುಡಿದು ಬಂದವರು. ನಲವತ್ತು ದಾಟಿದೆ ಅಷ್ಟೆ. ಶತಮಾನೋತ್ಸವ ಸಮಿತಿಗೆ ಅವರೇ ಅಧ್ಯಕ್ಷರು. ಶಾಲೆಗೆ ಹೊಸ ಸಭಾಂಗಣ ಕಟ್ಟಿಸಿ ಕೊಟ್ಟವರೂ ಅವರೇ. ಮನೆಯಲ್ಲಿ ಅವರ ವಯಸ್ಸಾದ ತಾಯಿ. ಮೇಡಂಗೆ ಕಥೆ ಹೇಳಿದ್ದು ಆ ತಾಯಿ.

ನವ್ಯಾ ಆ ಸಂಜೆ ಓಡಿಕೊಂಡೇ ಬಂದಳು. ಅವಳಿಗೆ ಪಾರ್ಟು ಸಿಕ್ಕಿತ್ತು. ಅದೂ ದೊಡ್ಡ ಪಾರ್ಟು. ಬೆಲ್ಲದ ಕಾಫಿಯ ಲೋಟ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದಳು. ಕಥೆಯ ಹೆಸರು ಮೊದಲ ತುತ್ತು. ಹಿಂದೆ ಬಾಕ್ಯಾರು ಗುತ್ತಿನಲ್ಲಿ ಯಾರಿಗೆ ಸೌಖ್ಯ ಇಲ್ಲದಿದ್ದರೂ ಮನೆಯವರು ಮೊದಲು ಕೊರಗರನ್ನು ಕರೆಸಿ ಅನ್ನ ಹಾಕುತ್ತಿದ್ದರಂತೆ. ಮನೆಯವರು ಉಪವಾಸ ಕೂತು ಮೊದಲ ತುತ್ತು ಕೊರಗರಿಗೆ ಕೊಡುತ್ತಿದ್ದರಂತೆ. ಕೊರಗರು ಹೊಟ್ಟೆ ತುಂಬ ಉಂಡು ಹರಸಿದರೆ ಕಾಯಿಲೆ ಗುಣವಾಗುತ್ತಿತ್ತಂತೆ. ಜಿತೇಶ್ ಧಣಿ ಸಣ್ಣ ಮಗುವಾಗಿದ್ದಾಗಲೂ ಹಾಗೆಯೇ ಬದುಕಿದ್ದಂತೆ. ಆ ಕೊರಗರ ಹುಡುಗಿಯ ಪಾರ್ಟು ನವ್ಯಾಳದು. ಬಡಿಸುವವರು ನಿಜವಾದ ಜಿತೇಶ್ ಧಣಿಯೇ. ಹಾಗಾದರೆ ಇತಿಹಾಸಕ್ಕೆ ಜೀವ ಬರುತ್ತದೆ ಎಂದು ಮೇಡಂ ಹೇಳಿದ್ದಾರಂತೆ.

ಹೇಳಿ ಮುಗಿಸಿದವಳು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು. ತಲೆ ತಗ್ಗಿಸಿದಳು. ಎದುರಿಗೆ ಎಲೆ ಇದ್ದಂತೆ ನಟಿಸಿ ಎರಡೂ ಕೈ ಚಾಚಿದಳು. ಮೇಡಂ ಕಲಿಸಿದ ಮಾತು ಒಪ್ಪಿಸಿದಳು.

"ಧಣಿಗಳ ಮನೆಯ ದೀಪ ನಂದದಿರಲಿ. ನಿಮ್ಮ ಪೀಡೆ ನಮಗಿರಲಿ."

ಆಮೇಲೆ ಇಲ್ಲದ ಅನ್ನವನ್ನು ತುತ್ತು ಮಾಡಿ ಬಾಯಿಗೆ ಇಟ್ಟುಕೊಂಡು, ನುಂಗಿ, ನಕ್ಕಳು.

ಪೂವಮ್ಮ ಹಿತ್ತಿಲಿಗೆ ಹೋದಳು. ಬಾಳೆಯ ಬುಡ ಹಿಡಿದು ನಿಂತಳು.

ಆಗ ಅವಳಿಗೆ ನವ್ಯಾಳಷ್ಟೂ ವಯಸ್ಸಿರಲಿಲ್ಲ. ಒಂದೊಂದು ಗುತ್ತಿಗೆ ಒಂದೊಂದು ಕೊರಗರ ಕುಟುಂಬ ಕಟ್ಟುಬಿದ್ದಿದ್ದ ಕಾಲ. ಆ ಮನೆಯ ಚಾಕರಿ, ಆ ಮನೆಯ ಡೋಲು, ಆ ಮನೆಯ ಸತ್ತ ದನ, ಆ ಮನೆಯ ಎಂಜಲು ಎಲ್ಲ ಆ ಕುಟುಂಬದ ಪಾಲು. ಅದಕ್ಕೆ ಅಜಲು ಎಂದು ಹೆಸರು. ಆಮೇಲೆ ಸರಕಾರ ಕಾನೂನು ಮಾಡಿ ಅದನ್ನು ನಿಷೇಧಿಸಿತು. ಪೂವಮ್ಮ ಎಲೆಯ ಮುಂದೆ ಕೂತ ದಿನ ಆ ಕಾನೂನು ಇನ್ನೂ ಹುಟ್ಟಿರಲಿಲ್ಲ.

ಬಾಕ್ಯಾರು ಗುತ್ತಿನ ಕೂಸು ಹಾಲು ಕುಡಿಯುವುದನ್ನು ಬಿಟ್ಟಿತ್ತು. ಮೈ ಸೆಟೆದುಕೊಳ್ಳುತ್ತಿತ್ತು. ಅಪ್ಪ ಹುಕ್ರಪ್ಪನಿಗೆ ಕರೆ ಬಂತು. ಮಗಳನ್ನೂ ತಾ ಎಂದರು. ಮಗುವಿನ ಪೀಡೆ ಮಗುವಿಗೇ ಹೋಗಬೇಕಂತೆ. ಅಪ್ಪ ಮಗಳು ಅಂಗಳದ ಕೆಳಗೆ ಬಿಸಿಲಲ್ಲಿ ನಿಂತರು. ನಿಂತು ನಿಂತು ಅವಳಿಗೆ ಕಾಲು ಸುಟ್ಟಿತು. ಕೊನೆಗೆ ಬಾಳೆಲೆಯ ಎರಡು ತುಂಡು ಬಂತು. ಅನ್ನ ಬಂತು. ಆ ಅನ್ನದಲ್ಲಿ ಕೂಸಿನ ತಲೆಗೂದಲು ಕತ್ತರಿಸಿ ಹಾಕಿದ್ದರು. ಕೈಕಾಲಿನ ಉಗುರು ಕತ್ತರಿಸಿ ಹಾಕಿದ್ದರು. ಕಾಣಲಿ ಎಂದೇ ಹಾಕಿದ್ದರು. ಅಪ್ಪ ತಲೆ ಎತ್ತದೆ ತಿಂದ. ತಿನ್ನುತ್ತಲೇ ಅವಳಿಗೆ ಕೇಳುವಷ್ಟು ಮೆಲ್ಲಗೆ ಹೇಳಿದ.

"ಜಗಿಯಬೇಡ ಮಗಾ. ನುಂಗು."

ನುಂಗಿದಳು. ಕೂದಲು ಗಂಟಲಿಗೆ ಅಂಟಿತು. ಒಂದು ಉಗುರು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತು. ಜಗಲಿಯ ಮೇಲೆ ಕೂಸನ್ನು ಎತ್ತಿಕೊಂಡ ಗುತ್ತಿನ ಅಮ್ಮ ನೋಡುತ್ತ ನಿಂತಿದ್ದರು. ಕಾರಿದರೆ ಕೂಸಿಗೆ ಕೇಡು ಎಂದು ಯಾರೋ ಎಚ್ಚರಿಸಿದರು. ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಗದ್ದೆಯ ಬದುವಿನಲ್ಲಿ ಓಡಿದಳು. ಗುತ್ತಿನ ಗಡಿಬೇಲಿಯ ತಡಮೆ ದಾಟಿದ ಮೇಲೆ ತಡೆಯಲಾಗಲಿಲ್ಲ. ಎಲ್ಲ ಹೊರಗೆ ಬಂತು. ಹಿಂದೆ ಬಂದ ಅಪ್ಪ ನೋಡಿದ, ಕಾಲಿನಿಂದ ಮಣ್ಣು ಎಳೆದು ಮುಚ್ಚಿದ.

ಆಮೇಲೆ ಎಷ್ಟೋ ಕಾಲ ಅವಳು ಗುತ್ತಿನ ಕಡೆಗೆ ಕಿವಿಯಿಟ್ಟೇ ಮಲಗಿದಳು. ಅಲ್ಲಿಂದ ಅಳು ಕೇಳಿದರೆ ತಾನು ಕೊಂದ ಹಾಗೆ. ಕೇಳಲಿಲ್ಲ. ಕೂಸು ಬೆಳೆಯಿತು, ಮೂಡುಬಿದಿರೆಯ ಇಂಗ್ಲಿಷು ಶಾಲೆಗೆ ಹೋಯಿತು, ವಿಮಾನ ಹತ್ತಿತು, ಜಿತೇಶ್ ಧಣಿಯಾಗಿ ವಾಪಸು ಬಂತು. ಅವರನ್ನು ದಾರಿಯಲ್ಲಿ ಕಂಡಾಗಲೆಲ್ಲ ಅವಳ ಎದೆಯ ಮೇಲಿನ ಕಲ್ಲು ಒಂದಿಷ್ಟು ಸರಿಯುತ್ತಿತ್ತು. ಸದ್ಯ, ಬದುಕಿದ್ದಾರೆ.

ಮರುದಿನ ಪೂವಮ್ಮ ಪಾತ್ರೆ ಮುಟ್ಟುವ ಮೊದಲು ಆಫೀಸಿನ ಬಾಗಿಲಲ್ಲಿ ನಿಂತಳು. ತುಂಗಾ ಟೀಚರ್ ಮತ್ತು ಶಶಿಪ್ರಭಾ ಮೇಡಂ ಒಳಗೆ ಆಮಂತ್ರಣ ಪತ್ರಿಕೆ ನೋಡುತ್ತ ಕೂತಿದ್ದರು. ನವ್ಯಾಳಿಗೆ ಆ ಪಾರ್ಟು ಬೇಡ ಎಂದಳು. ತುಂಗಾ ಟೀಚರ್‌ಗೆ ಆಶ್ಚರ್ಯವಾಯಿತು. ನಿಮ್ಮವರನ್ನು ಯಾರೂ ಸೇರಿಸುವುದಿಲ್ಲ ಅಂತ ಹೇಳುವುದೂ ನೀವೇ, ಸೇರಿಸಿದರೆ ಬೇಡ ಅನ್ನುವುದೂ ನೀವೇ ಎಂದರು. ಇಷ್ಟಕ್ಕೂ ಬೇರೆ ಮಕ್ಕಳ ಹತ್ತಿರ ಮಾಡಿಸಿದರೆ ಅವರ ಮನೆಯವರು ಒಪ್ಪುತ್ತಾರಾ ಎಂದೂ ಸೇರಿಸಿದರು. ಅದು ಅವರ ಬಾಯಿಂದ ಜಾರಿ ಬಂದ ಸತ್ಯ.

ಪೂವಮ್ಮ ಮೇಡಂ ಕಡೆಗೆ ತಿರುಗಿದಳು. ಕಥೆ ಹೇಳುವವರಿಗಾದರೂ ಅರ್ಥವಾದೀತು ಎಂದು ಅವಳ ಲೆಕ್ಕ.

"ಮೇಡಂ, ಆ ಅನ್ನದಲ್ಲಿ ಕೂದಲು ಇರ್ತಿತ್ತು. ಉಗುರು ಇರ್ತಿತ್ತು. ಅದು ಅಜಲು."

ಶಶಿಪ್ರಭಾ ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅವರಿಗೆ ಗೊತ್ತಿತ್ತು. ಗೊತ್ತಿತ್ತು ಎಂಬುದು ಪೂವಮ್ಮನಿಗೆ ಆ ಒರೆಸುವ ಕೈಯಲ್ಲೇ ಕಂಡಿತು.

"ಗೊತ್ತುಂಟು ಪೂವಮ್ಮ. ಆದ್ರೆ ಅದೆಲ್ಲ ಮಕ್ಕಳಿಗೆ ಹೇಳ್ಲಿಕ್ಕೆ ಆಗ್ತದಾ? ಸಣ್ಣ ಮನಸ್ಸು, ಹೆದರ್ತಾವೆ. ಒಳ್ಳೇದು ಮಾತ್ರ ಉಳೀಲಿ."

ಮಕ್ಕಳ ಕಿವಿಗೆ ಹಾಕಬಾರದ್ದು. ಆದರೆ ಮಗುವಿನ ಬಾಯಿಗೆ ಹಾಕಬಹುದಾಗಿತ್ತು. ಪೂವಮ್ಮನಿಗೆ ಈ ಮಾತು ಹೊಳೆದದ್ದು ನಳ್ಳಿಯ ಹತ್ತಿರ ಬಂದು ಹಂಡೆ ಕೆಡವಿದ ಮೇಲೆ. ಸಿಟ್ಟಿನ ಮಾತು ಬಡವರಿಗೆ ಹೊಳೆಯುವುದೇ ಹಾಗೆ, ಬಾಗಿಲು ಹಾಕಿದ ಮೇಲೆ. ಅಷ್ಟರಲ್ಲಿ ತುಂಗಾ ಟೀಚರ್ ಹಿಂದಿನಿಂದ ಬಂದು, ಮುಂದಿನ ವರ್ಷವೂ ನಿಮ್ಮನ್ನು ಮುಂದುವರಿಸಬೇಕೋ ಬೇಡವೋ ಎಂದು ಬರೆಯುವುದು ಶಾಲಾ ಸಮಿತಿಯವರು, ಅಲ್ಲಿ ಇರುವುದೂ ಇವರೇ, ಗೊತ್ತುಂಟಲ್ಲ ಎಂದು ಮೆಲ್ಲಗೆ ನೆನಪಿಸಿ ಹೋದರು.

ಮನೆಯಲ್ಲಿ ಮಗಳಿಗೆ ಹೇಳಿದಳು. ಆ ಪಾರ್ಟು ಮಾಡಬೇಡ. ಯಾಕೆ ಎಂದು ನವ್ಯಾ ಕೇಳಿದಳು. ಬೇಡ ಅಂದರೆ ಬೇಡ ಎಂದಳು ಪೂವಮ್ಮ. ನವ್ಯಾ ಅತ್ತಳು. ಎಲ್ಲರಿಗೂ ಪಾರ್ಟು ಉಂಟು, ಜಸ್ನಾಳಿಗೆ ಮೆಣಸಿನ ವ್ಯಾಪಾರಿಯ ಪಾರ್ಟು, ಸುರಕ್ಷಾಳಿಗೆ ರಾಣಿಯ ಪಾರ್ಟು, ನಾನು ಮಾತ್ರ ಕೆಳಗೆ ಕೂತು ಚಪ್ಪಾಳೆ ತಟ್ಟಬೇಕಾ ಎಂದಳು. ಜೀವಮಾನದಲ್ಲಿ ಮೊದಲ ಸಲ ನನ್ನನ್ನು ಸ್ಟೇಜಿಗೆ ಕರೆದಿದ್ದಾರೆ ಎಂದಳು. ಕೊನೆಗೆ ಇನ್ನೊಂದು ಮಾತು ಹೇಳಿದಳು. ಅದು ಪೂವಮ್ಮನಿಗೆ ಬೆನ್ನಿಗೆ ಬಿದ್ದ ಏಟು.

"ನಿನಗೆ ಪಾತ್ರೆ ತೊಳೆದೇ ಗೊತ್ತು. ನಿಲ್ಲುವುದು ಗೊತ್ತಿಲ್ಲ."

ಇದ್ದದ್ದನ್ನು ಹೇಳಿಬಿಟ್ಟಿದ್ದರೆ ಆಗಿತ್ತು. ಹೇಳಲು ಬಾಯಿ ತೆರೆದಳು ಕೂಡ. ಗಂಟಲಲ್ಲಿ ಆ ಕೂದಲು ಇನ್ನೂ ಇದ್ದ ಹಾಗೆ ಮಾತು ಸಿಕ್ಕಿಕೊಂಡಿತು. ನಾನು ತಿಂದೆ ಎಂದು ಹೆತ್ತ ಮಗಳಿಗೆ ಯಾವ ತಾಯಿ ಹೇಳಿಯಾಳು? ತಿನ್ನಿಸಿದವರಿಗೆ ಅದು ಹೆಮ್ಮೆಯ ಕಥೆ. ತಿಂದವಳಿಗೆ ನಾಚಿಕೆ. ಲೋಕದ ನ್ಯಾಯ ನೋಡಿ ಹೇಗಿದೆ! ನವ್ಯಾ ಆ ವಾರವೆಲ್ಲ ತಾಯಿಯ ಜೊತೆ ಸರಿಯಾಗಿ ಮಾತಾಡಲಿಲ್ಲ. ರಿಹರ್ಸಲ್ಲಿಗೆ ಹೋಗುತ್ತಲೇ ಇದ್ದಳು.

ಶತಮಾನೋತ್ಸವದ ದಿನ ಬೆಳಿಗ್ಗೆಯೇ ಪೂವಮ್ಮ ಕಕ್ಕಸು ತೊಳೆದಳು. ಅತಿಥಿಗಳು ಬರುತ್ತಾರೆಂದು ಫಿನಾಯಿಲು ಎರಡೆರಡು ಸಲ ಹಾಕಿದಳು. ಹೊಸ ಸಭಾಂಗಣದ ನೆಲ ಒರೆಸಿದಳು. ಆಮೇಲೆ ನಳ್ಳಿಯ ಹತ್ತಿರ ರಾಶಿ ಬಿದ್ದ ಪಾತ್ರೆಗೆ ಕೂತಳು. ಸಭಾಂಗಣದ ಪಕ್ಕದ ಬಾಗಿಲು ನಳ್ಳಿಯ ಕಡೆಗೇ ತೆರೆಯುತ್ತದೆ. ಅಲ್ಲಿಂದ ವೇದಿಕೆ ಕಾಣುತ್ತಿತ್ತು.

ಭಾಷಣಗಳಾದವು. ಶಾಲುಗಳಾದವು. ಎತ್ತುಗಳು ಬಂದವು, ಮೆಣಸು ಬಂತು, ರಾಣಿ ಬಂದಳು, ಆನೆಯ ವೇಷದ ಇಬ್ಬರು ಹುಡುಗರು ಮಂಡಿಯೂರಿದರು. ಜನ ಚಪ್ಪಾಳೆ ತಟ್ಟಿದರು. ಶಶಿಪ್ರಭಾ ಮೇಡಂ ಮೈಕಿನ ಮುಂದೆ ಬಂದು ಧ್ವನಿ ಇಳಿಸಿದರು. ಈಗ ನಮ್ಮ ಊರಿನ ದೊಡ್ಡ ಮನಸ್ಸಿನ ಕಥೆ ಎಂದರು.

ನವ್ಯಾ ಬಂದಳು. ಸೊಂಟಕ್ಕೆ ಸೊಪ್ಪು ಕಟ್ಟಿದ್ದರು. ಅವಳದು ಮೊದಲೇ ಕಪ್ಪು ಮೈ. ಲೈಟಿಗೆ ಕಾಣಬೇಕೆಂದು ಮುಖಕ್ಕೆ ಇನ್ನಷ್ಟು ಮಸಿ ಬಳಿದಿದ್ದರು. ಕೆಳಗಿನ ಸಾಲಿನ ಹುಡುಗರು ಕಿಸಕ್ಕನೆ ನಕ್ಕರು. ನವ್ಯಾ ಆ ನಗೆಯನ್ನು ಕೇಳಿದಳು. ಅವಳ ಹೆಜ್ಜೆ ತಪ್ಪಿದ್ದು ಪೂವಮ್ಮನಿಗೆ ನಳ್ಳಿಯ ಹತ್ತಿರದಿಂದಲೇ ಕಂಡಿತು. ಆದರೂ ಹೋಗಿ ಹೇಳಿಕೊಟ್ಟ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತಳು. ತಲೆ ತಗ್ಗಿಸಿದಳು.

ಜಿತೇಶ್ ಧಣಿ ಜರಿ ಶಾಲು ಹೊದ್ದು ಬಂದರು. ಕೈಯಲ್ಲಿ ಅನ್ನದ ಬೋಗುಣಿ. ಸೌಟು ಎತ್ತಿ ಎಲೆಗೆ ಅನ್ನ ಹಾಕಿದರು. ಕೈ ಎತ್ತರದಲ್ಲಿತ್ತು. ಬಗ್ಗಲಿಲ್ಲ. ಅನ್ನ ಮೇಲಿನಿಂದ ಬಿದ್ದು ಅಗುಳು ನವ್ಯಾಳ ಕಾಲಿಗೆ ಚೆಲ್ಲಿತು. ಹಾಗೆ ಹಾಕಿ ಎಂದು ರಿಹರ್ಸಲ್ಲಿನಲ್ಲಿ ಅವರಿಗೆ ಯಾರೂ ಕಲಿಸಿರಲಿಲ್ಲ. ಕೈಗೆ ತಾನಾಗಿಯೇ ಗೊತ್ತಿತ್ತು.

"ಧಣಿಗಳ ಮನೆಯ ದೀಪ ನಂದದಿರಲಿ," ಎಂದಳು ನವ್ಯಾ.

ಪೂವಮ್ಮನ ಕೈಯಿಂದ ಗೆರಟೆ ಬಿತ್ತು. ಅವಳು ಎದ್ದಳು. ಪಕ್ಕದ ಬಾಗಿಲಿನಿಂದ ಒಳಗೆ ಹೋದಳು. ತಾನೇ ಬೆಳಿಗ್ಗೆ ಒರೆಸಿದ ನೆಲದ ಮೇಲೆ ಅವಳ ಒದ್ದೆ ಕಾಲಿನ ಗುರುತು ಬಿತ್ತು. ಯಾರೋ ಏಯ್ ಎಂದರು. ಮೆಟ್ಟಿಲು ಹತ್ತಿದಳು. ನವ್ಯಾ ತುತ್ತು ಎತ್ತಿದ್ದಳು. ಪೂವಮ್ಮ ಅವಳ ಮಣಿಕಟ್ಟು ಹಿಡಿದಳು. ಬೂದಿ ಮೆತ್ತಿದ ಕೈ, ಗಟ್ಟಿ ಹಿಡಿತ.

"ತಿನ್ನಬೇಡ."

ನವ್ಯಾಳ ಕಣ್ಣಲ್ಲಿ ನೀರು ಬಂತು. ಅವಮಾನದ ನೀರು. ಇಡೀ ಊರಿನ ಮುಂದೆ ತಾಯಿ ತನ್ನ ಪಾರ್ಟು ಕೆಡಿಸಿದಳಲ್ಲ ಎಂದು. ತುಂಗಾ ಟೀಚರ್ ಓಡಿ ಬಂದು, ಕೆಳಗಿಳಿ ಪೂವಮ್ಮ ಎಂದು ಹಲ್ಲು ಕಚ್ಚಿ ಹೇಳಿದರು. ನೀವು ಎಂಬುದು ಅಷ್ಟರಲ್ಲಿ ನೀನು ಆಗಿತ್ತು. ಮೈಕು ನವ್ಯಾಳ ಮಾತಿಗೆಂದು ತಗ್ಗಿಸಿಟ್ಟದ್ದು. ಪೂವಮ್ಮ ಮಗಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಾಗ ಅದು ಸರಿಯಾಗಿ ಅವಳ ಬಾಯಿಯ ಹತ್ತಿರ ಬಂತು. ಅವಳು ಓದಿದ್ದು ನಾಲ್ಕನೇ ಕ್ಲಾಸು. ಅಲ್ಲಿ ಕಲಿತ ಕನ್ನಡದಲ್ಲಿ ನಿಧಾನವಾಗಿ ಮಾತಾಡಿದಳು. ಊರಿನವರ ಮುಖ ನೋಡಲಿಲ್ಲ. ಮುಂದೆ ಕೂತ ಮಕ್ಕಳನ್ನು ನೋಡಿದಳು.

"ಈ ಕಥೆಯ ಹುಡುಗಿ ನಾನು. ಆ ದಿವಸ ಗುತ್ತಿನಲ್ಲಿ ಎಲೆಯ ಮುಂದೆ ಕೂತದ್ದು ನಾನೇ. ಆ ಅನ್ನದಲ್ಲಿ ಕೂದಲಿತ್ತು ಮಕ್ಕಳೇ. ಉಗುರಿತ್ತು. ಈ ಧಣಿಯದ್ದು. ಇವರ ಕಾಯಿಲೆ ನನಗೆ ಬರ್ಲಿ, ನಾನು ಸಾಯ್ಲಿ ಅಂತ ನನಗೆ ತಿನ್ನಿಸಿದ್ರು. ಅದು ಮೊದಲ ತುತ್ತಲ್ಲ. ಅದಕ್ಕೆ ಅಜಲು ಅಂತ ಹೆಸರು."

ಯಾರೋ ಮೈಕು ಬಂದ್ ಮಾಡಿ ಎಂದರು. ಬಂದ್ ಆಗಲಿಲ್ಲ. ಪೂವಮ್ಮ ತಲೆಯೆತ್ತಿ ಜಿತೇಶರನ್ನು ನೋಡಿದಳು.

"ಕಾರಿದರೆ ಮಗು ಸಾಯ್ತದೆ ಅಂತ ನನಗೆ ಹೇಳಿದ್ರು. ನಾನು ತಡಮೆ ದಾಟಿ ಎಲ್ಲ ಕಾರಿದೆ ಧಣಿ. ಒಂದು ಅಗುಳೂ ಉಳೀಲಿಲ್ಲ. ನೀವು ಸಾಯ್ಲಿಲ್ಲ. ನಾನು ತಿಂದದ್ದರಿಂದ ನೀವು ಬದುಕಿದ್ದಲ್ಲ. ಮತ್ತೆ ನನಗೆ ಯಾಕೆ ತಿನ್ನಿಸಿದ್ದು?"

ಜಿತೇಶರ ಮುಖ ಬಿಳಿಚಿತು. ಅವರು ಕೆಟ್ಟ ಮನುಷ್ಯ ಎಂದು ಊರಲ್ಲಿ ಯಾರೂ ಹೇಳುವುದಿಲ್ಲ. ನನಗೆ ಗೊತ್ತಿರಲಿಲ್ಲ ಪೂವಮ್ಮ, ಅಮ್ಮ ಹೀಗೆ ಹೇಳಿರಲಿಲ್ಲ ಎಂದರು. ಬಹುಶಃ ನಿಜವೇ ಹೇಳಿದರು.

ಪೂವಮ್ಮ ಎಲೆಗೆ ಕೈ ಹಾಕಿದಳು. ಅಕ್ಕಿ ಮುಟ್ಟಬಾರದ ಕೈ. ಐದೂ ಬೆರಳು ಅನ್ನದೊಳಗೆ ಇಳಿಸಿದಳು. ಒಂದು ತುತ್ತು ಮಾಡಿ ಎಲೆಯ ಅಂಚಿಗೆ ಇಟ್ಟಳು. ಎಲೆಯನ್ನು ಅವರ ಕಾಲಿನ ಕಡೆಗೆ ಸರಿಸಿದಳು.

"ಈಗ ಗೊತ್ತಾಯ್ತಲ್ಲ. ಇದರಲ್ಲಿ ಕೂದಲು ಇಲ್ಲ. ಉಗುರು ಇಲ್ಲ. ಗುಲಾಬಿಯಕ್ಕ ಬೇಯಿಸಿದ ಅನ್ನ. ನಾನು ಮುಟ್ಟಿದ್ದೇನೆ, ಅಷ್ಟೇ. ಮೊದಲ ತುತ್ತು ನೀವು ತಿನ್ನಿ."

ಜಿತೇಶ್ ಬಗ್ಗಿದರು. ಇದನ್ನೂ ಹೇಳಬೇಕು, ಅವರು ಬಗ್ಗಿದರು. ಕೈ ಎಲೆಯ ಹತ್ತಿರ ಬಂತು. ಆಗ ಮುಂದಿನ ಸಾಲಿನ ಕುರ್ಚಿಯಿಂದ ಅವರ ತಾಯಿಯ ಧ್ವನಿ ಕೇಳಿತು. ಕೂಸನ್ನು ಎತ್ತಿಕೊಂಡು ಜಗಲಿಯಲ್ಲಿ ನಿಂತಿದ್ದ ಅದೇ ಗುತ್ತಿನ ಅಮ್ಮ.

"ಬೊಡ್ಚಿ ಮಗಾ. ಬೇಡ."

ಕೈ ನಿಂತಿತು. ಹಿಂದೆ ಹೋಯಿತು. ಜಿತೇಶ್ ನೆಟ್ಟಗೆ ನಿಂತು ಶಾಲು ಸರಿಮಾಡಿಕೊಂಡರು.

ಮಕ್ಕಳು ನೋಡಿದರು. ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗಿನ ಎಲ್ಲ ಮಕ್ಕಳೂ ನೋಡಿದರು. ಶಶಿಪ್ರಭಾ ಮೇಡಂ ಎಷ್ಟು ಶನಿವಾರ ಕೂತು ಹೇಳಿದರೂ ತಲೆಗೆ ಹತ್ತದ ಊರಿನ ಇತಿಹಾಸ ಆ ಹಿಂದೆ ಹೋದ ಕೈಯಲ್ಲಿತ್ತು. ಮೇಡಂ ವೇದಿಕೆಯ ಮೂಲೆಯಲ್ಲಿ ನಿಂತಿದ್ದರು. ಅಷ್ಟು ಮಾತಿನ ಹೆಂಗಸಿಗೆ ಒಂದು ಮಾತೂ ಸಿಗಲಿಲ್ಲ.

ಮಾತು ಸಿಕ್ಕಿದ್ದು ತುಂಗಾ ಟೀಚರ್‌ಗೆ. ಕಾರ್ಯಕ್ರಮ ಮುಗಿಸಬೇಕಿತ್ತು. ರಾಷ್ಟ್ರಗೀತೆಗೆ ಮಕ್ಕಳು ವೇದಿಕೆಯ ಮೇಲೆ ಸಾಲಾಗಿ ನಿಲ್ಲಬೇಕಿತ್ತು. ನಡುವೆ ಆ ಎಲೆ.

"ಆಯ್ತಲ್ಲ ನಿನ್ನದು. ಎಲೆ ತೆಗೆದು ಒರೆಸು. ಮಕ್ಕಳು ನಿಲ್ಲಬೇಕು."

ಪೂವಮ್ಮ ಎದ್ದು ನಿಂತಳು. ಸೊಂಟ ಎಂದಿನಂತೆ ಹಿಡಿದುಕೊಂಡಿತ್ತು, ಆದರೂ ನೆಟ್ಟಗೆ ನಿಂತಳು.

"ತೆಗೆಯುವುದಿಲ್ಲ."

"ನಾಳೆಯಿಂದ ಬರಬೇಕೂಂತ ಇಲ್ಲ ಹಾಗಾದ್ರೆ."

"ಬರುವುದಿಲ್ಲ. ಎಲೆಯೂ ತೆಗೆಯುವುದಿಲ್ಲ."

ತುಂಗಾ ಟೀಚರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗುಲಾಬಿಯ ಕಡೆ ನೋಡಿದರು. ಪೂವಮ್ಮ ಮುಟ್ಟಿದ ಎಲೆ. ಗುಲಾಬಿ ಬಾಗಿಲಿನಾಚೆ ಸರಿದಳು. ಸಮಿತಿಯವರ ಕಡೆ ನೋಡಿದರು. ಅವರು ಮೊಬೈಲು ನೋಡಿದರು. ಇನ್ನು ಉಳಿದದ್ದು ಒಬ್ಬಳೇ.

"ನವ್ಯಾ, ಒಳ್ಳೆಯ ಹುಡುಗಿ ಅಲ್ವಾ ನೀನು. ನೀನು ತೆಗಿ."

ನವ್ಯಾ ಎಲೆಯನ್ನು ನೋಡಿದಳು. ತನ್ನ ಕಾಲಿಗೆ ಅಂಟಿದ ಅಗುಳನ್ನು ನೋಡಿದಳು. ತಾಯಿಯ ಕೈ ನೋಡಿದಳು, ಉಗುರು ಸವೆದ ಬೆರಳು, ಅದಕ್ಕೆ ಮೆತ್ತಿದ ಅನ್ನ. ಮಸಿಯ ಮೇಲೆ ಕಣ್ಣೀರು ಇಳಿದು ಮುಖದಲ್ಲಿ ಗೆರೆ ಬಿದ್ದಿತ್ತು. ಟೀಚರು ಹೇಳಿದ್ದಕ್ಕೆ ಈವರೆಗೆ ಇಲ್ಲ ಎಂದವಳಲ್ಲ. ಅವಳು ಎದ್ದು ತಾಯಿಯ ಪಕ್ಕದಲ್ಲಿ ನಿಂತಳು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಅಷ್ಟರಲ್ಲಿ ಹೊರಗೆ ಕೂತ ಧ್ವನಿವರ್ಧಕದವನು, ಕಾರ್ಯಕ್ರಮ ಮುಗಿಯಿತೆಂದುಕೊಂಡು, ರಾಷ್ಟ್ರಗೀತೆ ಹಾಕಿಬಿಟ್ಟ. ಎಲ್ಲರೂ ಎದ್ದು ನಿಂತರು. ಜಿತೇಶ್ ನಿಂತರು, ಅವರ ತಾಯಿ ನಿಂತರು, ತುಂಗಾ ಟೀಚರ್ ನಿಂತರು. ಪೂವಮ್ಮ ಮತ್ತು ನವ್ಯಾ ಮೊದಲೇ ನಿಂತಿದ್ದರು. ನಡುವೆ ಎಲೆ ಬಿದ್ದಿತ್ತು. ಒಂದು ನೊಣ ಬಂದು ತುತ್ತಿನ ಮೇಲೆ ಕೂತಿತು.

ಹಾಡು ಮುಗಿದ ಮೇಲೆ ತಾಯಿ ಮಗಳು ಮುಂದಿನ ಬಾಗಿಲಿನಿಂದಲೇ ಹೊರಗೆ ನಡೆದರು. ನಳ್ಳಿಯ ಹತ್ತಿರ ಹಂಡೆ ಅಡ್ಡ ಬಿದ್ದೇ ಇತ್ತು. ಪೂವಮ್ಮ ಅದರ ಕಡೆಗೆ ತಿರುಗಲಿಲ್ಲ. ಆ ಎಲೆಯನ್ನು ಆಮೇಲೆ ಯಾರು ತೆಗೆದರೋ ಅವಳಿಗೆ ಗೊತ್ತಿಲ್ಲ. ಅವಳು ತೆಗೆಯಲಿಲ್ಲ. ಅವಳ ಮಗಳೂ ತೆಗೆಯಲಿಲ್ಲ.